ಸಾಕ್ಷಿಗೆ ಎರಡು ನಿಮಿಷ

ನನ್ನ ಕೆಲಸ ಇಷ್ಟೇ: ಮೊದಲು ಹಸಿರು ಒತ್ತುವುದು,
ಮೂವತ್ತು ಸೆಕೆಂಡು ಉಳಿದಾಗ ಹಳದಿ,
ಆಮೇಲೆ ಕೆಂಪು.
ಹನ್ನೆರಡು ವರ್ಷವಾಯಿತು, ಶಾಸನಸಭೆಯ
ನೆಲಮಾಳಿಗೆಯ ಈ ಕೋಣೆಯಲ್ಲಿ.
ಹಂದಿ ಸಾಕುವವರು, ನರ್ಸುಗಳು,
ಸೇತುವೆ ಬೇಕೆಂದವರು, ಬೇಡವೆಂದವರು,
ಎಲ್ಲರ ಮಾತನ್ನೂ ಅರ್ಧಕ್ಕೆ ಕಡಿದಿದ್ದೇನೆ.
ಯಾರ ಮೇಲೂ ಹಗೆಯಿಲ್ಲ. ಬೆರಳಿಗೆ ಪಕ್ಷವಿಲ್ಲ.

ಇವತ್ತಿನ ಮಸೂದೆ ಒಂದೇ ಸಾಲು:
ಬಂದೂಕು ಕೊಳ್ಳುವವನ ವಯಸ್ಸು ಹದಿನೆಂಟು ಎಂದಿರುವಲ್ಲಿ
ಇಪ್ಪತ್ತೊಂದು ಎಂದು ಓದಿಕೊಳ್ಳತಕ್ಕದ್ದು.
ಹೊರಗೆ ಫೆಬ್ರವರಿ. ಒಳಗೆ ಒದ್ದೆ ಬೂಟುಗಳ ವಾಸನೆ.
ಮೂವತ್ತೇಳನೆಯ ಸಾಕ್ಷಿ ಆರ್ವಿಡ್ ಸ್ಟಾಲ್‌ಬರ್ಗ್,
ಹಾಲ್ಡರ್ ಕ್ರೀಕಿನಲ್ಲಿ ಬೇಟೆ, ಮೀನು ಸಾಮಾನಿನ ಅಂಗಡಿ.
ಟೋಪಿ ತೆಗೆದ. ಎಲ್ಲಿಡುವುದೆಂದು ತಿಳಿಯದೆ
ಹಾಕಿಕೊಂಡ. ಮತ್ತೆ ತೆಗೆದ.

ಹಸಿರು.

"ನಮ್ಮಪ್ಪನೂ ಬಂದೂಕು ಮಾರಿದವನೇ.
ನಾನು ಬಂದೂಕಿನ ವಿರೋಧಿಯಲ್ಲ, ಬರೆದುಕೊಳ್ಳಿ.
ಆ ಹುಡುಗ ಆರು ವರ್ಷದವನಿದ್ದಾಗ
ಕಾಗದದ ಲೋಟದಲ್ಲಿ ಎರೆಹುಳ ಕೊಡುತ್ತಿದ್ದೆ.
ಡಾಲರಿಗೆ ಹನ್ನೆರಡು; ಅವನಿಗೆ ಹದಿಮೂರು.
ಮಂಗಳವಾರ ಹದಿನೆಂಟು ತುಂಬಿತು.
ಬುಧವಾರ ನಾನು ಬಾಗಿಲು ತೆರೆಯುವ ಮೊದಲೇ ನಿಂತಿದ್ದ.
ಲೈಸೆನ್ಸ್ ತೋರಿಸಿದ. ಹುಟ್ಟಿದ ತಾರೀಖು ನೋಡಿ
ಶುಭಾಶಯ ಹೇಳಿದೆ.
ಹೌದು, ಹೇಳಿದೆ. ಕೈಯನ್ನೂ ಕುಲುಕಿದೆ.
ಫಾರಂ ತುಂಬಲು ನನ್ನ ಪೆನ್ನು ಕೇಳಿದ.
ಪ್ರತಿ ಪ್ರಶ್ನೆಗೂ ಇಲ್ಲ, ಇಲ್ಲ, ಇಲ್ಲ,
ದುಂಡಗಿನ ಅಕ್ಷರ, ತಂತಿಯ ಮೇಲೆ ಗುಬ್ಬಿ ಕೂತ ಹಾಗೆ.
ಫೋನು ಮಾಡಿದೆ. ತಡೆಯೇನೂ ಇಲ್ಲವೆಂದರು.
ಪೆನ್ನು ಮರಳಿಸಿದ. ಥ್ಯಾಂಕ್ಸ್ ಅಂದ.
ಅಲ್ಲಿಂದ ಒಂಬತ್ತು ದಿನ."

ಹಳದಿ.

ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟ.
ನೀಲಿ ಬಣ್ಣ, ಬೀಜದ ಕಂಪನಿಯ ಹೆಸರು ಅರ್ಧ ಅಳಿಸಿದೆ.
ಫೋನಿನಲ್ಲಿ ಮುಳುಗಿದ್ದ ಸದಸ್ಯರೊಬ್ಬರು ತಲೆಯೆತ್ತಿದರು.
"ಪಕ್ಕದಲ್ಲೇ ಪೆಟ್ರೋಲ್ ಬಂಕು. ಅಲ್ಲಿ ಅವನಿಗೆ
ಒಂದು ಕ್ಯಾನ್ ಬಿಯರು ಸಿಗುತ್ತಿರಲಿಲ್ಲ.
ಎಳೇ ಹುಡುಗ, ತಲೆ ನಿಲ್ಲುವುದಿಲ್ಲ ಅಂತೀವಿ. ಸರಿಯೇ.
ನಾನು..."

ಇಲ್ಲಿ ನನಗೆ ಮಾರ್ನಿ ನೆನಪಾಗಬಾರದಿತ್ತು.
ಮೊಮ್ಮಗಳು, ಒಂದನೇ ಕ್ಲಾಸು.
ತಿಂಗಳಿಗೊಮ್ಮೆ ಶಾಲೆಯಲ್ಲಿ ಕರಡಿ ಆಟ:
ದೀಪ ಆರಿಸಿ, ಕೋಟುಗಳ ಹಿಂದೆ ಮುದುಡಿ,
ಕರಡಿ ಹೋಗುವ ತನಕ ತುಟಿಪಿಟಕ್ ಅನ್ನಬಾರದು.
"ಅಜ್ಜಿ, ಮೊನ್ನೆ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು!
ಮಿಸ್ ಗಡಿಯಾರ ಹಿಡಿದಿದ್ದರು. ಯಾರೂ ಕೆಮ್ಮಲಿಲ್ಲ."
ಹೆಮ್ಮೆ ಅವಳಿಗೆ. ಆಮೇಲೆ ಪ್ಯಾನ್‌ಕೇಕಿಗೆ ಸಿರಪ್ ಸುರಿಯುತ್ತ,
"ಕರಡಿಗೆ ಹಿಡಿಕೆ ತಿರುಗಿಸೋಕೆ ಬರಲ್ಲ ಅಲ್ವಾ?
ಮತ್ತೆ ಬೀಗ ಯಾಕೆ?"

ಎರಡು ನಿಮಿಷ ಮುಗಿದಿತ್ತು.
ಆರ್ವಿಡ್ ಆ 'ನಾನು' ಎಂಬಲ್ಲೇ ಸಿಕ್ಕಿಕೊಂಡಿದ್ದ,
ದೀಪವನ್ನೇ ನೋಡುತ್ತ.
ಕೆಂಪು ಬಂದರೆ ಸಾಕಿತ್ತು ಅವನಿಗೆ,
ಅಲ್ಲಿಗೆ ಪಾರಾಗುತ್ತಿದ್ದ.
ನನ್ನ ಬೆರಳು ಗುಂಡಿಯ ಮೇಲೆ.
ಒತ್ತಲಿಲ್ಲ.

ಅಧ್ಯಕ್ಷರು ನನ್ನತ್ತ ನೋಡಿದರು, ನಾನು ಗೋಡೆಯತ್ತ.
ಹತ್ತು ಸೆಕೆಂಡು. ಇಪ್ಪತ್ತು. ಹೀಟರು ಕಟಕಟ.
"ಕೊಡುವುದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.
ಕಾನೂನು ಹೂಂ ಅಂದಿತು, ನಾನೂ ಹೂಂ ಅಂದೆ.
ಮೂರು ವರ್ಷ ಕಾಯಿ ಮಗಾ ಅನ್ನುವುದಕ್ಕೆ
ನನಗೊಂದು ಆಸರೆ ಬೇಕಿತ್ತು. ಅದನ್ನು ಕೇಳಲು ಬಂದೆ.
ಆ ಮೂರು ವರ್ಷದಲ್ಲಿ ಅವನಿಗೆ ಕೆಲಸ ಸಿಗುತ್ತಿತ್ತೋ,
ಹುಡುಗಿ ಸಿಗುತ್ತಿದ್ದಳೋ, ಏನೂ ಸಿಗುತ್ತಿರಲಿಲ್ಲವೋ,
ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ."

ಎರಡು ನಿಮಿಷ ನಲವತ್ತು ಸೆಕೆಂಡು. ಎದ್ದು ಹೋದ.

ಮೂವತ್ತೆಂಟನೆಯವನು ವಿರೋಧಿ, ಹತ್ತೊಂಬತ್ತರ ಸೈನಿಕ:
"ದೇಶ ಕಾಯಲು ಸಾಕಾದ ವಯಸ್ಸು
ಇದಕ್ಕೇಕೆ ಸಾಲದು?"
ಅವನಿಗೂ ನಲವತ್ತು ಸೆಕೆಂಡು ಹೆಚ್ಚು ಕೊಟ್ಟೆ.
ಅವನು ಉಪಯೋಗಿಸಿಕೊಳ್ಳಲಿಲ್ಲ.

ಮತದಾನ ಗುರುವಾರಕ್ಕೆ ಮುಂದೂಡಿದರು.
ಕುರ್ಚಿ ಮಡಚಿದ್ದಾಯಿತು. ಪೆನ್ನು ಮೇಜಿನ ಮೇಲೇ ಉಳಿದಿತ್ತು.
ರಿಜಿಸ್ಟರಿನಲ್ಲಿ ಹೊತ್ತು ದಾಖಲಿಸಬೇಕು;
ನನ್ನದರಲ್ಲಿ ಶಾಯಿ ತೀರಿತ್ತು.
ಕೈ ಅದರತ್ತ ಹೋಯಿತು,
ಹೋಗಿದ್ದು, ಬಂತು.

ಡ್ರಾಯರು ತಡಕಿ
ಮೊಂಡು ಪೆನ್ಸಿಲಿನಲ್ಲಿ ಬರೆದೆ.