ನಡವಳಿ ಪುಸ್ತಕ

ಒಪ್ಪಿಸಿದ ಸಾಮಾನಿನ ಪಟ್ಟಿ ನಾನೇ ಬರೆದೆ:
ಕಬ್ಬಿಣದ ಬೀರು ಎರಡು, ಒಂದಕ್ಕೆ ಬೀಗವಿಲ್ಲ,
ಡಂಗುರದ ತಮಟೆ ಒಂದು, ಚರ್ಮ ಹರಿದದ್ದು,
ವಾಲ್ವು ತಿರುಗಿಸುವ ಚಾವಿ ನಾಲ್ಕು,
ಬೀದಿ ದೀಪ ಅರವತ್ತೊಂದು, ಉರಿಯುವವು ನಲವತ್ತು.
ಪಾಲಿಕೆಯಿಂದ ಬಂದ ಹುಡುಗ ಟಿಕ್ಕು ಹಾಕುತ್ತ ಹಾಕುತ್ತ
‘ಮತ್ತೇನಾದರೂ?’ ಅಂದ.
ಇಲ್ಲ ಅಂದೆ.
ನಡವಳಿ ಪುಸ್ತಕ ನನ್ನ ಸೈಕಲ್ಲಿನ ಕ್ಯಾರಿಯರಿನಲ್ಲಿ
ಊಟದ ಡಬ್ಬಿಯ ಕೆಳಗಿತ್ತು.

ನೂರಹತ್ತು ಹಳ್ಳಿ ಒಂದೇ ಸಲ ನಗರವಾದ ವರ್ಷ ಅದು.
ರಾತ್ರಿ ಮಲಗುವಾಗ ಸೊಣ್ಣೇಕುಂಟೆ,
ಬೆಳಗ್ಗೆ ಎದ್ದರೆ ವಾರ್ಡು.
ಎಮ್ಮೆಗಳಿಗೆ ಯಾರೂ ಹೇಳಿರಲಿಲ್ಲ,
ಹಳೆಯ ದಾರಿಯಲ್ಲೇ ಕೆರೆಗೆ ಹೋದವು.

ಊರು ಎಷ್ಟು ಹಳೆಯದು ಅಂತ ಕೇಳುತ್ತಾರೆ.
ಹಾಲಿನ ಡೇರಿಗೆ ಮೆಟ್ಟಿಲಾದ ಕಲ್ಲಿನಲ್ಲಿ
ಒಬ್ಬ ಕತ್ತಿ ಹಿಡಿದು ದನಗಳ ಮುಂದೆ ನಿಂತಿದ್ದಾನೆ.
ಓದಲು ಬಂದ ಮೇಷ್ಟರು ಸುಣ್ಣ ಸವರಿ
ಸಂಜೆವರೆಗೆ ಬಗ್ಗಿ ನೋಡಿ
‘ತುಱುಗೋಳೊಳ್ ಸತ್ತ... ಇಷ್ಟೇ ಉಳಿದಿದೆ’ ಅಂದರು.
ಹೆಸರಿದ್ದ ಜಾಗದ ಮೇಲೆ ನಲವತ್ತು ವರ್ಷ
ನಾವು ಕ್ಯಾನು ಇಟ್ಟಿದ್ದೆವು.

ಅವನಿಂದ ನನ್ನ ಪುಸ್ತಕದವರೆಗೆ ನಡುವೆ ಏನಾಯಿತೋ ಗೊತ್ತಿಲ್ಲ.
ನಮ್ಮಪ್ಪ ನೀರುಗಂಟಿ, ತೂಬು ಎತ್ತುವವನು,
ಯಾರ ಗದ್ದೆಗೆ ಎಷ್ಟು ಗಳಿಗೆ ಅನ್ನುವುದು
ಅವನ ಬೆರಳ ಗೆಣ್ಣಿನಲ್ಲಿತ್ತು.
ಪಟೇಲರು ಕೂಗಿದರೂ ಸರದಿ ತಪ್ಪಿಸಿದವನಲ್ಲ ಅಂತಾರೆ.
ಒಮ್ಮೆ ತಪ್ಪಿಸಿದ, ಅವ್ವ ಹೇಳಿದ್ದಾಳೆ,
ಅಕ್ಕನ ಮದುವೆಯ ವರ್ಷ.

ಪುಟ ಹದಿನೇಳು: ದೊಡ್ಡಿಗೆ ಹಾಕಿದ ಬೀಡಾಡಿ ದನಕ್ಕೆ ದಿನಕ್ಕೆ ನಾಲ್ಕಾಣೆ.
ಪುಟ ಮೂವತ್ತು: ಗುಂಡುತೋಪಿನ ಮಾವಿನ ಫಸಲು ಹರಾಜು,
ಕೂಗಿದವರು ಒಬ್ಬರೇ.
ಆಮೇಲೆ ಎಂಟು ಸಭೆ, ಕೋರಂ ಇಲ್ಲ.
ಎಂಟು ಸಲವೂ ಚಹಾದ ಖರ್ಚು ಮಂಜೂರು.

ಪಿಳ್ಳಕ್ಕ ಅಧ್ಯಕ್ಷೆಯಾದ ಮೊದಲೆರಡು ವರ್ಷ
ಕುರ್ಚಿಯಲ್ಲಿ ಅವಳ ಗಂಡ,
ಪುಟದಲ್ಲಿ ಅವಳ ಹೆಬ್ಬೆಟ್ಟು.
ಮೂರನೆಯ ವರ್ಷ ಒಂದು ಬುಧವಾರ
ಅವನು ಜ್ವರ ಹೊದ್ದು ಮಲಗಿದ್ದಾಗ
ಸೆರಗಿಗೆ ಕೈ ಒರೆಸಿಕೊಂಡು ಬಂದಳು, ಕೂತಳು:
‘ನಮ್ ಕೇರಿಗೆ ನಲ್ಲಿ ಯಾವ ಪುಟದಾಗೈತೆ, ತೋರ್ಸು.’
ಇರಲಿಲ್ಲ.
‘ಹಂಗಾದ್ರೆ ಈಗ ಬರಿ.’
ಬರೆದೆ. ಮಸಿಯ ಡಬ್ಬಿ ಮುಂದಿಟ್ಟರೆ ಸರಿಸಿ
ಪೆನ್ನು ಕೇಳಿದಳು. ನಾಲಿಗೆ ಕಚ್ಚಿ
ಒಂದೊಂದೇ ಅಕ್ಷರ ಕಟ್ಟಿದಳು.
ಅವಳ ಳ್ಳ ಕೆಳಗಿನ ಗೆರೆಗೆ ಜಾರಿ
ಗುತ್ತಿಗೆದಾರನ ಹೆಸರಿನ ಮೇಲೆ ಕೂತಿದೆ, ಈಗಲೂ.

ಕೊನೆಯ ಸಭೆಗೆ ಬಂದವರು ಮೂವರು,
ಅವರಲ್ಲಿ ಒಬ್ಬರು ಸೈಟಿನ ಖಾತೆ ಕೇಳಲು ಬಂದವರು.
ಸರಕಾರದ ಆದೇಶ ಓದಬೇಕಿತ್ತು. ಓದಲಿಲ್ಲ.
ಕೋರಂ ಇಲ್ಲದ ಕಾರಣ ಸಭೆ ಮುಂದೂಡಲಾಗಿದೆ,
ಮುಂದಿನ ದಿನಾಂಕ
ಅಂತ ಬರೆದು ಜಾಗ ಬಿಟ್ಟೆ.

ಈಗ ಕೆರೆಯ ಕೆಳಗೆ ಹದಿನಾಲ್ಕು ಅಂತಸ್ತಿನ ಕಟ್ಟಡ,
ನಾನು ಅಲ್ಲಿ ಪಂಪಿನ ಕೆಲಸದವನು.
ಹೋದ ಭಾದ್ರಪದದ ಮಳೆಗೆ
ನೆಲಮಾಳಿಗೆಯಲ್ಲಿ ಕಾರುಗಳು ತೇಲಿದವು.
ಸಂಘ ಸಭೆ ಕರೆಯಿತು. ಇನ್ನೂರು ಮನೆ, ಹನ್ನೊಂದು ಜನ.
‘ಕೋರಂ ಇಲ್ಲ’ ಅಂದರು ಕಾರ್ಯದರ್ಶಿ ಮೇಡಂ, ಗಡಿಯಾರ ನೋಡಿ,
‘ನೀರು ಎಲ್ಲಿಂದ ನುಗ್ಗುತ್ತೆ ಅನ್ನೋದೇ ಗೊತ್ತಾಗ್ತಿಲ್ಲ.’

ಗೋಡೆಗೆ ಒರಗಿ ನಿಂತಿದ್ದವನು ಮನೆಗೆ ಹೋಗಿ ಪುಸ್ತಕ ತಂದೆ.
ಪುಟ ನಲವತ್ನಾಲ್ಕು, ಒಮ್ಮತದ ಠರಾವು:
ಕೋಡಿಯ ಹಾದಿಯಲ್ಲಿ ಯಾರೂ
ಹುಲ್ಲಿನ ಮೆದೆಯನ್ನೂ ಒಟ್ಟಕೂಡದು.
ಸೂಚಿಸಿದವರು ಚಿಕ್ಕಯಲ್ಲಪ್ಪ,
ಅನುಮೋದಿಸಿದವರು ಖಾಸಿಂ ಸಾಬ್.
ಮೇಡಂ ಎರಡು ಸಲ ಓದಿಸಿದರು.
‘ಈ ಕೋಡಿ ಈಗ ಎಲ್ಲಿದೆ?’
ಅವರ ಕುರ್ಚಿಯ ಕೆಳಗೆ ಬೆರಳು ತೋರಿಸಿದೆ.
ಯಾರೋ ಚಹಾ ಹೇಳಿದರು.