ಎರಡು ಗಂಟು

ಇಪ್ಪತ್ತೇಳನೇ ಪುಟದಲ್ಲಿ ಪೆಡ್ನೇಕರ ಮೇಡಂ
ಪೆನ್ಸಿಲಿನಲ್ಲಿ ಒಂದೇ ಒಂದು ಗೆರೆ ಎಳೆದಿದ್ದರು.
'ಮಾಗಿಯ ಮೂರು ತಿಂಗಳು ನಾವು ದೋಣಿಯಲ್ಲಿ ಹೋಗಿ
ಬಳಚು ಹೆಕ್ಕುವವರನ್ನು ಕಂಡೆವು.'
ಅಂಚಿನಲ್ಲಿ ಸಣ್ಣಗೆ:
ಯಾವ ದೋಣಿ, ಪ್ರಣಾಲಿ?

ನಾನು ಹತ್ತಿದ್ದು ಕಡವಾಡದ ಬಸ್ಸು ಮಾತ್ರ.
ಕಾಳಿ ನದಿ ಕಿಟಕಿಯಲ್ಲಿ ಬಂದು
ಕಿಟಕಿಯಲ್ಲೇ ಹೋಗುತ್ತಿತ್ತು.

ಕದ್ದೆ ಅಂತ ಅನಿಸಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.
ಲೈಬ್ರರಿಯ ಹಿಂದಿನ ಕಪಾಟು, ಹಸಿರು ರಟ್ಟಿನ ಹಳೆಯ ಪ್ರಬಂಧ,
ಗೆದ್ದಲು ತಿಂದ ಅಂಚು. ಯಾರು ನೋಡುತ್ತಾರೆ?
ಶಬ್ದ ಬದಲಿಸಿದ್ದೆನಲ್ಲ,
'ಬಹಳ' ಇದ್ದಲ್ಲಿ 'ತುಂಬ',
'ಕಂಡುಬಂದಿದೆ' ಇದ್ದಲ್ಲಿ 'ಕಾಣಸಿಗುತ್ತದೆ',
ಬೇರೆಯವರ ಮಗುವಿಗೆ ನಮ್ಮನೆ ಅಂಗಿ ತೊಡಿಸಿದ ಹಾಗೆ.
ಸಿಕ್ಕಿಬಿದ್ದದ್ದು ಕಾಗುಣಿತದಲ್ಲಿ:
ಕಡವಾಡವನ್ನು ಆತ 'ಕಡವಡ' ಎಂದು ಬರೆದಿದ್ದ, ಐದು ಕಡೆ.
ನಾನು ಹುಟ್ಟಿದ ಊರು.
ನಾನೂ ಐದು ಕಡೆ.

ಮೇಡಂ ಬೈಯಲಿಲ್ಲ. ಫೈಲು ಮುಚ್ಚಿ ಈಚೆ ಸರಿಸಿದರು:
'ಸೋಮವಾರದೊಳಗೆ. ಅವರದ್ದು ಅವರ ಹೆಸರಿಗೆ,
ನಿನ್ನದು ನಿನ್ನ ಹೆಸರಿಗೆ.
ನಿನ್ನದು ಅರ್ಧ ಪುಟವೇ ಆದರೂ ಅಡ್ಡಿಯಿಲ್ಲ.'

ಕಾಲು ತಾನಾಗಿ ಮೀನು ಪೇಟೆಗೆ ನಡೆಯಿತು.
ಆಯಿ ಕೊನೆಯ ಗಿರಾಕಿಯ ಜೊತೆ ಚೌಕಾಸಿಯಲ್ಲಿದ್ದಳು.
'ಈ ಬಂಗಡೆ ನನ್ನದು, ಬೈತಖೋಲದ ದೋಣಿಯದ್ದು.
ಆ ಶೆಟ್ಲಿ ಸುಲೋಚನಳದ್ದು. ಅವಳಿಗೆ ಜ್ವರ,
ದರ ನಾನು ಇಳಿಸೋ ಹಾಗಿಲ್ಲ.'
ಆತ ನಕ್ಕ: 'ಶೆಟ್ಲಿಗೇನು ಗೊತ್ತು ಯಾರ ಬುಟ್ಟಿ ಅಂತ?'
ಆಯಿ ನಗಲಿಲ್ಲ.
ದುಡ್ಡು ಎಣಿಸಿ ಸೆರಗಿನ ಒಂದು ಮೂಲೆಗೆ ತನ್ನ ಗಂಟು ಹಾಕಿದಳು,
ಇನ್ನೊಂದು ಮೂಲೆಗೆ ಸುಲೋಚನಳದ್ದು.
ಆ ದಿನ ಎರಡನೆಯದೇ ದಪ್ಪಗಿತ್ತು.
ನಾನೇನೂ ಹೇಳಲಿಲ್ಲ. ಖಾಲಿ ಬುಟ್ಟಿ ಹೊತ್ತೆ.

ರಾತ್ರಿ ಉದ್ಧರಣ ಚಿಹ್ನೆ ಹಾಕುತ್ತ ಕೂತೆ.
ಆತನ ಹೆಸರು, ವರ್ಷ, ಪುಟ.
ಮತ್ತೆ ಆತನ ಹೆಸರು, ವರ್ಷ, ಪುಟ.
ನಲವತ್ತು ಪುಟದಲ್ಲಿ ನನ್ನದೆಂದು ಉಳಿದದ್ದು
ಎರಡು ವಾಕ್ಯ, ಒಂದು ಕೋಷ್ಟಕದ ತಲೆಬರಹ.
ನಾಚಿಕೆಯಾದದ್ದು ಆಗ,
ಮೇಡಂ ಎದುರಿಗಲ್ಲ.

ಆಮೇಲೆ ಕಣ್ಣಿಗೆ ಬಿತ್ತು, ಆತನ ನೂರಾ ಹನ್ನೆರಡನೇ ಪುಟ:
'ಸ್ಥಳೀಯ ಮಹಿಳೆಯರ ಪ್ರಕಾರ
ಅಮಾವಾಸ್ಯೆಯ ಇಳಿತದಲ್ಲಿ ಬಳಚು ಹೆಚ್ಚು.'
ಸ್ಥಳೀಯ ಮಹಿಳೆಯರು.
ಅವರ ಗಂಟು ಯಾರ ಸೆರಗಿನಲ್ಲಿದೆ?

ಭಾನುವಾರ ಇಳಿತಕ್ಕೆ ಹೋದೆ ತುಳಸಾ ಮಾವಶಿಯ ಬೆನ್ನಿಗೆ.
ಮೊಣಕಾಲುದ್ದ ಕೆಸರು. ಅಂಗಾಲಿಗೆ ಚಿಪ್ಪು ಕೊರೆಯಿತು.
'ಅಮಾಸೆ ಅಲ್ಲವೇ ಹುಡುಗಿ,
ಅಮಾಸೆ ಕಳೆದ ಮೂರನೇ ದಿನ.
ಬರೆದವನು ಅರ್ಧ ಕೇಳಿ ಎದ್ದು ಹೋಗಿದ್ದಾನೆ.'

ಸೋಮವಾರ ಕೊಟ್ಟದ್ದು ಹನ್ನೊಂದೇ ಪುಟ.
ಅಡಿಟಿಪ್ಪಣಿ ಏಳು:
ತುಳಸಾ ಹರಿಕಂತ್ರ, ಸುಂಕೇರಿ. ಬಾಯಿಮಾತು, ಇಳಿತದ ಹೊತ್ತು.
ಮಾವಶಿಗೆ ಬೆರಳಿಟ್ಟು ತೋರಿಸಿದೆ.
ಕಾಗದವನ್ನು ದೂರ ಹಿಡಿದು ನೋಡಿ ಕೇಳಿದಳು,
'ನನ್ನ ಹೆಸರು ಯಾಕೆ ಇಷ್ಟು ಸಣ್ಣ ಅಕ್ಷರದಲ್ಲಿ?'