ಬಲ ಕವರ್

ಎತ್ತರ ಐದು ಅಡಿ ಹನ್ನೊಂದು. ತೂಕ ಎಂಬತ್ತೆರಡು,
ತಿಂಡಿಗೆ ಮುಂಚೆ.
ಹೆಸರು ತಿಲಕ್‌ರಾಜ್ ಮೆಂಡನ್, ಬಿ.ಕಾಂ. ಎರಡನೇ ವರ್ಷ.
ಕಿವಿಗಳು ಆಗಲೇ ಮುದುಡಿವೆ,
ಬಿಸಿಲಿಗಿಟ್ಟು ಮರೆತ ಹಪ್ಪಳದ ಹಾಗೆ.

ಅಜ್ಜರಕಾಡಿನ ಒಳಾಂಗಣ. ಫ್ಯಾನುಗಳು ಬೆವರನ್ನು
ಈ ಮೂಲೆಯಿಂದ ಆ ಮೂಲೆಗೆ ಸಾಗಿಸುತ್ತಿದ್ದವು, ಅಷ್ಟೆ.
ಮೂರನೇ ಮೆಟ್ಟಿಲಲ್ಲಿ ನಾನು, ತೊಡೆಯ ಮೇಲೆ ಹಾಳೆ.
ಹಾಳೆಯಲ್ಲಿ ಮನೆಗಳು:
ಪಾದ ಹಿಡಿತ, ತೊಡೆ ಹಿಡಿತ, ಡ್ಯಾಶ್, ಬ್ಲಾಕ್, ಅಂಕ.
ಮೂಲೆಯವನು ಹಿಮ್ಮಡಿ ಹಿಡಿದ. ಸೀಟಿ.
ತೊಡೆ ತಟ್ಟಿದ. ಗ್ಯಾಲರಿ ಎದ್ದು ನಿಂತಿತು.
ಆ ಹಿಮ್ಮಡಿ ಗೆರೆಯತ್ತ ಮೂರು ಗೇಣು ತೆವಳಿದಾಗ
ಸೊಂಟಕ್ಕೆ ಬಿದ್ದು ಗೋಡೆಯಾದವನಿಗೆ
ನನ್ನ ಹಾಳೆಯಲ್ಲಿ ಮನೆಯಿಲ್ಲ.

ಹಾಗಾಗಿ ಅಂಚಿನಲ್ಲಿ ಬರೆದೆ.
ಕಾಲು: ಮಡಿಸಿದ ಮಂಡಿ, ನೆಲ ಬಿಡದ ಅಂಗಾಲು.
ಕಣ್ಣು: ರೈಡರನ ಮುಖ ನೋಡುವುದಿಲ್ಲ, ಸೊಂಟ ನೋಡುತ್ತಾನೆ.
ಮುಖಕ್ಕೆ ಸುಳ್ಳು ಬರುತ್ತದೆ, ಸೊಂಟಕ್ಕೆ ಬರುವುದಿಲ್ಲ.
ಕೈ: ಮೂಲೆಯವನ ಮಣಿಕಟ್ಟಿನ ಮೇಲೆ,
ತಮ್ಮನಿಗೆ ಹೆದ್ದಾರಿ ದಾಟಿಸುವವನ ಹಾಗೆ.
ದೋಷ:

ದೋಷಕ್ಕೆ ಹೊತ್ತು ಹಿಡಿಯಿತು.
ಇಪ್ಪತ್ತೆಂಟನೇ ನಿಮಿಷ. ಹಿಡಿತ ತಪ್ಪಿತ್ತು,
ರೈಡರನ ಬೆರಳು ಗೆರೆಗೆ ಒಂದೇ ಉಸಿರು ದೂರ.
ಲೆಕ್ಕ ಬಲ್ಲವನು ಕೈ ಬಿಟ್ಟು ಸರಿಯುತ್ತಾನೆ,
ಹೋದರೆ ಒಬ್ಬ ಹೋಗಲಿ.
ಇವನು ಬಿಡಲಿಲ್ಲ. ಮೇಲೆ ಬಿದ್ದ. ಇಬ್ಬರೂ ಔಟು.
ಹೊರಗೆ ಹೋಗುವಾಗಲೂ ಇವನ ಮುಷ್ಟಿಯಲ್ಲಿ
ಅವನ ಬನಿಯನ್ನಿನ ತುದಿ.

ರಾತ್ರಿ ಮುಂಬಯಿಯಿಂದ ತಂಡದವರ ಫೋನು.
ಕೈಚಾಚು ಎಷ್ಟು? ವಿಡಿಯೋ ಇದೆಯಾ? ಕಡೇ ದರ್ಜೆಗೆ ಸಾಕಾ?
ನಾಳೆ ಹೇಳುತ್ತೇನೆ ಎಂದೆ.

ಬೆಳಗ್ಗೆ ಐದಕ್ಕೆ ಮಲ್ಪೆ ಬಂದರು.
ಐಸಿನ ದಿಮ್ಮಿಗೆ ಕೊಕ್ಕೆ ಹಾಕಿ ಎಳೆಯುವ ಸಾಲಿನಲ್ಲಿ ಅವನಿದ್ದ,
ಬರಿಗಾಲು, ಕೆಳಗೆ ಎಣ್ಣೆ, ಉಪ್ಪುನೀರು, ಮೀನಿನ ಹುರುಪೆ.
ನೆಲ ಬಿಡದ ಆ ಅಂಗಾಲು
ಯಾವ ಕೋಚು ಕಲಿಸಿದ್ದೆಂದು ಆಗ ತಿಳಿಯಿತು.

ಪಕ್ಕದಲ್ಲಿ ಬೂತಾಯಿಯ ಹರಾಜು, ಏರುವ ಕೂಗು.
ಅವನ ದೊಡ್ಡಮ್ಮ ಜಲಜಾಕ್ಷಿ
ಅಂಜಲದ ಕಿವಿರು ಎತ್ತಿ ನೋಡಿದಳು,
ಹೆಬ್ಬೆರಳಿಂದ ಬೆನ್ನು ಒತ್ತಿ,
ಬಿದ್ದ ಗುಳಿ ಮೇಲೆದ್ದು ಬರುವುದನ್ನು ಕಾದು
ಆಮೇಲೆ ಬಾಯಿ ಬಿಟ್ಟಳು.
ನನ್ನ ಹಾಳೆ ಕಂಡು ಕೇಳಿದಳು:
"ನಮ್ಮ ಹುಡುಗನ ಕಿವಿರು ನೋಡಿ ಆಯ್ತಾ?"
ಆಯ್ತು ಎಂದೆ.
"ಹೇಗುಂಟು?"
ಕೆಂಪಗುಂಟು.
"ಹಾಗಾದ್ರೆ ರೇಟು ಇಳಿಸ್ಬೇಡಿ ಮಾರಾಯ್ರೆ,
ಅದು ಐಸಲ್ಲಿಟ್ಟ ಮೀನಲ್ಲ."

ನಾನೂ ಬಲ ಕವರ್ ಆಗಿದ್ದೆ. ಬ್ಯಾಂಕಿನ ತಂಡ,
ಎಂಬತ್ತೊಂಬತ್ತು, ನೆಹರೂ ಮೈದಾನದ ಮಣ್ಣು, ಫೈನಲ್.
ಕೊನೆಯ ರೈಡಿನಲ್ಲಿ ಕೈ ಬಿಟ್ಟೆ. ಲೆಕ್ಕ ಸರಿಯಿತ್ತು.
ಒಂದು ಅಂಕದಿಂದ ಗೆದ್ದೆವು.
ಒಬ್ಬನೇ ಎಳೆಸಿಕೊಂಡು ಹೋದ ನಮ್ಮ ಮೂಲೆಯವನ ಮಂಡಿ
ಆಮೇಲೆ ಸರಿಯಾಗಿ ಮಡಚಲೇ ಇಲ್ಲ.
ಮದುವೆಮನೆಯಲ್ಲಿ ಸಿಕ್ಕರೆ ಇವತ್ತಿಗೂ
ಕಪ್ಪಿನ ಮಾತೇ ಆಡುತ್ತಾನೆ,
ಕೈಯ ಸುದ್ದಿ ತೆಗೆಯುವುದಿಲ್ಲ.

ಮಂಗಳೂರಿನ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ವರದಿ ಮುಗಿಸಿದೆ.
ಕೈಚಾಚು: ಸಾಧಾರಣ. ದರ್ಜೆ: ಅವರು ಕೇಳಿದ್ದಕ್ಕಿಂತ ಒಂದು ಮೇಲೆ.
ದೋಷ: ಬಿಡಬೇಕಾದಲ್ಲಿ ಬಿಡುವುದಿಲ್ಲ.
ತಿದ್ದಬಹುದೇ, ಎಂಬ ಮನೆಯ ಮೇಲೆ
ಪೆನ್ನು ಕಟಪಾಡಿಯಿಂದ ಪಡುಬಿದ್ರಿಯವರೆಗೆ ನಿಂತಿತು.
ಹೌದು, ಆರು ತಿಂಗಳಲ್ಲಿ, ಎಂದು ಬರೆದೆ.
ಅದರ ಕೆಳಗೆ, ಗೆರೆಯಿಲ್ಲದ ಕಡೆ,
ಬಸ್ಸಿನ ಕುಲುಕಿಗೆ ಸೊಟ್ಟಗಾದ ಅಕ್ಷರದಲ್ಲಿ:
ಅವಸರ ಬೇಡ.